ಮೂಲೆಯಿಲ್ಲದ ಕಲ್ಲಿನ ಕಣಜ

ಮೊದಲು ಈ ಗೋಡೆಯನ್ನು ಹತ್ತಿರದಿಂದ ನೋಡಿ. ಇದು ಚಕಮಕಿ ಕಲ್ಲು. ಹೊರಗೆ ಬಿಳಿ ಸಿಪ್ಪೆ, ಒಡೆದ ಕಡೆ ಮಾತ್ರ ಮಿರಮಿರ ಮಿಂಚುವ ಕಪ್ಪು. ಆಕಾರ ಗೆಣಸಿನ ಹಾಗೆ, ಒಂದರಂತೆ ಇನ್ನೊಂದಿಲ್ಲ.

ಊರು ಪಾಸ್ಟನ್, ಇಂಗ್ಲೆಂಡಿನ ನಾರ್ಫೋಕ್ ಸೀಮೆ. ಸಮುದ್ರ ಪಕ್ಕದಲ್ಲೇ ಇದೆ. 1581ರಲ್ಲಿ ಸರ್ ವಿಲಿಯಂ ಪಾಸ್ಟನ್ ಕಟ್ಟಿಸಿದ ಕಣಜ ಇದು. ಉದ್ದ ಸುಮಾರು 70 ಮೀಟರ್! ಎಷ್ಟು ಹಿಂದೆ ಸರಿದರೂ ಪೂರ್ತಿ ಫ್ರೇಮಿಗೆ ಸಿಗುತ್ತಿಲ್ಲ.

ಕಟ್ಟಡಕ್ಕೆ ಒಳ್ಳೆಯ ಕಲ್ಲು ಈ ಕಡೆ ಸಿಗುವುದೇ ಅಪರೂಪ. ನೆಲದಡಿ ಇರುವುದು ಸೀಮೆಸುಣ್ಣ, ಅದರೊಳಗೆ ಈ ಚಕಮಕಿ ಉಂಡೆಗಳು. ಹೊಲ ಉತ್ತರೂ ಮೇಲೆ ಬರುತ್ತವೆ. ಗಟ್ಟಿ ಅಂದರೆ ಗಟ್ಟಿ. ಆದರೆ ಉಂಡೆ ಕಲ್ಲಲ್ಲಿ ನೇರ ಮೂಲೆ ಎಬ್ಬಿಸೋದು ಹೇಗೆ? ಅದಕ್ಕೇ ಇಲ್ಲಿನ ಕಟ್ಟಡಗಳಲ್ಲಿ ಮೂಲೆಗೆ, ಬಾಗಿಲಂಚಿಗೆ ಕೆತ್ತಿದ ಕಲ್ಲೋ ಇಟ್ಟಿಗೆಯೋ ಬರುತ್ತದೆ. ಇನ್ನೊಂದು ತೊಡಕಿದೆ. ಚಕಮಕಿ ನೀರು ಹೀರುವುದಿಲ್ಲ, ಹಾಗಾಗಿ ಸುಣ್ಣದ ಗಾರೆ ಬೇಗ ಬಿಗಿಯುವುದಿಲ್ಲ. ಅವಸರದಲ್ಲಿ ಎತ್ತರಿಸಿದರೆ ಗೋಡೆ ಉಬ್ಬುತ್ತದೆ. ಸ್ವಲ್ಪ ಕಟ್ಟಬೇಕು, ಬಿಡಬೇಕು, ಮತ್ತೆ ಕಟ್ಟಬೇಕು. ಕಣ್ಣಿಗೆ ಕಾಣುವುದು ಕಲ್ಲು, ಆದರೆ ಈ ಗೋಡೆಯ ತಾಳ್ಮೆಯೆಲ್ಲ ಗಾರೆಯಲ್ಲಿದೆ ಅಂತ ನನಗನ್ನಿಸುತ್ತದೆ.

ಈಗ ಮೇಲೆ ನೋಡಿ. ಹುಲ್ಲಿನ ಮಾಡು ಎಷ್ಟು ಕಡಿದಾಗಿದೆ ಅಲ್ವಾ? ನಾರ್ಫೋಕ್‌ನಲ್ಲಿ ಸಾಮಾನ್ಯವಾಗಿ ಹೊದಿಸುವುದು ಜೌಗಿನಲ್ಲಿ ಬೆಳೆಯುವ ಜೊಂಡು. ಬುಡ ಹೊರಗೆ ಬರುವಂತೆ ಜೋಡಿಸುತ್ತಾರೆ. ಮಳೆನೀರು ಬುಡದಿಂದ ಬುಡಕ್ಕೆ ಜಾರುತ್ತಾ ಇಳಿಯುತ್ತದೆ, ಒಳಗೆ ಇಂಗಲು ಸಮಯವೇ ಇರುವುದಿಲ್ಲ. ಮಾಡಿನ ನೆತ್ತಿಗೆ ಜೊಂಡನ್ನು ಬಗ್ಗಿಸಲಾಗದು, ಅಲ್ಲಿಗೆ ಬಾಗುವ ಜೇಕು ಹುಲ್ಲು. ಸೂರು ಗೋಡೆಯಿಂದ ಮುಂದೆ ಚಾಚಿರುವುದರಿಂದ ನೀರು ದೂರ ಬೀಳುತ್ತದೆ, ಗಾರೆ ಉಳಿಯುತ್ತದೆ.

ಒಳಗಿನ ಮರಗೆಲಸ ಇನ್ನೂ ಸೊಗಸು. ಮಾಡನ್ನು ಹೊರುವ ಮರದ ಚೌಕಟ್ಟುಗಳಲ್ಲಿ ಒಂದಕ್ಕೆ ಗೋಡೆಯಿಂದ ಗೋಡೆಗೆ ಪೂರ್ತಿ ಅಡ್ಡತೊಲೆ. ಅದರ ಪಕ್ಕದ್ದರಲ್ಲಿ ಎರಡೂ ಗೋಡೆಗಳಿಂದ ಮೋಟು ತೊಲೆಗಳು ಮಾತ್ರ ಚಾಚಿ, ನಡುವೆ ಖಾಲಿ. ಹೀಗೆ ಒಂದು ಬಿಟ್ಟು ಒಂದು, ಉದ್ದಕ್ಕೂ. ಬೆಳೆಯ ಹೊರೆ ತುಂಬಿಡುವ ಜಾಗಕ್ಕೆ ಇಷ್ಟು ಚೆಂದದ ಕೆಲಸ!

ಅದನ್ನು ನಿಮಗೆ ತೋರಿಸಲು ಆಗುತ್ತಿಲ್ಲ. ಬಾರ್ಬಸ್ಟೆಲ್ ಅನ್ನುವ ಅಪರೂಪದ ಬಾವಲಿಗಳು ಇಲ್ಲಿನ ಮರದ ಸಂದುಗಳಲ್ಲಿ ಮರಿ ಹಾಕುತ್ತವೆ. ಹಾಗಾಗಿ ಸಾಮಾನ್ಯವಾಗಿ ಜನರನ್ನು ಒಳಗೆ ಬಿಡುವುದಿಲ್ಲ. ದುರಸ್ತಿ ಮಾಡುವವರೂ ಕಂಡ ಬಿರುಕನ್ನೆಲ್ಲ ಮುಚ್ಚುವಂತಿಲ್ಲ, ಕಾನೂನೇ ತಡೆಯುತ್ತದೆ. ಬಾಗಿಲು ಹಾಕಿರುವುದೇ ಸರಿ.