ವಿಚಾರಣೆ ಮಾಡುವವರಿಗೂ ನಿಯಮ ಬೇಡವೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಾಲೇಜು ಕ್ರೀಡೆ ಅಂದರೆ ಸಣ್ಣ ಆಟವಲ್ಲ. ತುಂಬಿದ ಸ್ಟೇಡಿಯಂ, ಟಿವಿ ಹಕ್ಕು, ಕೋಟಿಗಟ್ಟಲೆ ಡಾಲರ್. 1906ರಲ್ಲಿ ಶುರುವಾದ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಘ ಇದರ ಯಜಮಾನ. ನಿಯಮ ಅದರದ್ದೇ, ತನಿಖೆ ಅದರದ್ದೇ, ಶಿಕ್ಷೆಯೂ ಅದರದ್ದೇ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಜೆರಿ ಟಾರ್ಕೇನಿಯನ್ ಕಥೆ ಸಾಕು. ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್. ಪಂದ್ಯದುದ್ದಕ್ಕೂ ಒದ್ದೆ ಟವೆಲ್ ಕಚ್ಚಿಕೊಂಡು ಕೂರುತ್ತಿದ್ದ ಮನುಷ್ಯ. ನಿಯಮ ಮುರಿದಿದ್ದಾರೆ, ಎರಡು ವರ್ಷ ಅಮಾನತು ಮಾಡಿ ಎಂದು 1977ರಲ್ಲಿ ಎನ್‌ಸಿಎಎ ವಿಶ್ವವಿದ್ಯಾಲಯಕ್ಕೆ ಹೇಳಿತು. ವಿಶ್ವವಿದ್ಯಾಲಯದ್ದೇ ಅಧಿಕಾರಿಯೊಬ್ಬರು ಎರಡೂ ಕಡೆಯ ಮಾತು ಕೇಳಿದರು. ಸಾಕ್ಷ್ಯ ತೀರಾ ದುರ್ಬಲ ಅನ್ನಿಸಿತು. ಆದರೂ ಅವರು ವಿಶ್ವವಿದ್ಯಾಲಯದ ಅಧ್ಯಕ್ಷರ ಮುಂದಿಟ್ಟ ದಾರಿಗಳು ಮೂರೇ: ಶಿಕ್ಷೆ ಒಪ್ಪದೆ ಇನ್ನೂ ದೊಡ್ಡ ಶಿಕ್ಷೆಗೆ ತಯಾರಾಗುವುದು, ಬಾಯಿ ಮುಚ್ಚಿಕೊಂಡು ಪಾಲಿಸುವುದು, ಇಲ್ಲವೇ ಎನ್‌ಸಿಎಎ ಬಿಟ್ಟೇ ಹೊರಡುವುದು. ಅಧ್ಯಕ್ಷರು ಪಾಲಿಸಿದರು. ಬಿಟ್ಟು ಹೋದರೆ ಆಡುವುದು ಯಾರ ಜೊತೆ ಹೇಳಿ?

ಕೋಚ್ ಕೋರ್ಟಿಗೆ ಹೋದರು. ನೆವಾಡಾದ ನ್ಯಾಯಾಲಯಗಳಲ್ಲಿ ಗೆದ್ದರು. 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ತಿರುಗಿಸಿತು. ಎನ್‌ಸಿಎಎ ಖಾಸಗಿ ಸಂಸ್ಥೆ, ನ್ಯಾಯಯುತ ವಿಚಾರಣೆಯ ಸಾಂವಿಧಾನಿಕ ಕಟ್ಟಳೆ ಸರ್ಕಾರಕ್ಕೆ ಮಾತ್ರ ಅಂತ. ಭಿನ್ನಮತ ಬರೆದವರು ನ್ಯಾಯಮೂರ್ತಿ ಬೈರನ್ ವೈಟ್, ಒಂದು ಕಾಲದ ಕಾಲೇಜು ಫುಟ್ಬಾಲ್ ತಾರೆ. ಆ ಲೋಕ ಒಳಗಿಂದ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿತ್ತಲ್ವಾ!

ಆಮೇಲೆ ಎನ್‌ಸಿಎಎ ನ್ಯಾಯಯುತ ವಿಚಾರಣೆ ನಡೆಸಲೇಬೇಕು ಅಂತ ಕೆಲವು ರಾಜ್ಯಗಳು ತಾವೇ ಕಾನೂನು ಮಾಡಿದವು. ನೆಬ್ರಾಸ್ಕಾ, ಫ್ಲೋರಿಡಾ, ಇಲಿನಾಯ್, 1991ರಲ್ಲಿ ನೆವಾಡಾ. 1993ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ನೆವಾಡಾದ ಕಾನೂನನ್ನು ಹೊಡೆದು ಹಾಕಿತು. ದೇಶಕ್ಕೆಲ್ಲ ಒಂದೇ ನಿಯಮ ಇರುವ ಕಡೆ ಒಂದು ರಾಜ್ಯ ತನ್ನದೇ ಪಟ್ಟು ಹಿಡಿದರೆ ಅಂತರರಾಜ್ಯ ವ್ಯವಹಾರಕ್ಕೆ ತೊಡಕು ಅನ್ನುವ ವಾದ. ಸಂವಿಧಾನ ಮುಟ್ಟುವುದಿಲ್ಲ, ರಾಜ್ಯ ಮುಟ್ಟುವಂತಿಲ್ಲ. ಉಳಿದದ್ದು ಸಂಸತ್ತು.

ಅಲ್ಲಿ 2021ರಲ್ಲಿ ಎನ್‌ಸಿಎಎ ತನಿಖೆಗೆ ನಿಯಮ ಹಾಕುವ ಒಂದು ಮಸೂದೆ ಬಂತು. ಟೆನೆಸ್ಸಿ ರಾಜ್ಯದ ಸಂಸದ ಡೇವಿಡ್ ಕಸ್ಟಾಫ್ ತಂದದ್ದು, ಎರಡೂ ಪಕ್ಷದವರ ಬೆಂಬಲವಿತ್ತು. ದೂರು ಬಂದ 60 ದಿನದಲ್ಲಿ ಕಾಲೇಜಿಗೆ ನೋಟಿಸ್. ನೋಟಿಸ್ ಕೊಟ್ಟು 8 ತಿಂಗಳಲ್ಲಿ ತನಿಖೆ ಮುಗಿಯಬೇಕು. ಹೆಸರು ಹೇಳದ ಮೂಲ ನಂಬಿ ಶಿಕ್ಷೆ ಕೊಡುವ ಹಾಗಿಲ್ಲ. ಅದು ಕಾನೂನಾಗಲಿಲ್ಲ.

ನನಗೆ ಇದರಲ್ಲಿ ಜಾಸ್ತಿ ಮುಖ್ಯ ಅನ್ನಿಸುವುದು ಗಡುವು. ವಿಚಾರಣೆ ವರ್ಷಗಟ್ಟಲೆ ಎಳೆದರೆ ತಪ್ಪು ಮಾಡಿದ ಕೋಚ್ ಬೇರೆ ಕೆಲಸ ಹಿಡಿದಿರುತ್ತಾನೆ, ಹುಡುಗರು ಪದವಿ ಮುಗಿಸಿರುತ್ತಾರೆ. ಟೂರ್ನಿಯಿಂದ ನಿಷೇಧ ಬೀಳುವುದು ನಿನ್ನೆ ಮೊನ್ನೆ ಸೇರಿದವರ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎನ್‌ಸಿಎಎ ಕಡೆಯ ಮಾತನ್ನೂ ಕೇಳಬೇಕು. ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರ ಅದಕ್ಕಿಲ್ಲ. ಕಾಲೇಜು ಸುಮ್ನೆ ಕೂತು ದಿನ ದೂಡಿದರೆ ಗಡುವೇ ತಪ್ಪಿತಸ್ಥರನ್ನು ಕಾಪಾಡುತ್ತದೆ. ಅದಕ್ಕೇ ಕಾಲೇಜು ಸಹಕರಿಸದ ದಿನಗಳನ್ನು ಗಡುವಿನ ಲೆಕ್ಕದಿಂದ ಬಿಡಬೇಕು ಎನ್ನುತ್ತೇನೆ ನಾನು. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.