ಮೂಗಿನ ನಡುಗೋಡೆಯ ತೂತು ಮುಚ್ಚುವ ಶಸ್ತ್ರಚಿಕಿತ್ಸೆ

ಸಭಿಕರಿಗೆ ನಮಸ್ಕಾರ.

ಮೂಗಿನ ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ನಡುಗೋಡೆಯಲ್ಲಿ ಬೀಳುವ ತೂತು ನೋಡುವವರಿಗೆ ಒಂದೇ ಆದರೂ, ಅದನ್ನು ಮುಚ್ಚಬೇಕಾದವನ ಲೆಕ್ಕದಲ್ಲಿ ಮೂರು, ಪದರಕ್ಕೊಂದರಂತೆ. ಗೋಡೆಯ ಮುಂಭಾಗದಲ್ಲಿ ಮೃದ್ವಸ್ಥಿಯ ತೆಳು ಹಲಗೆಯಿದ್ದು, ಅದರ ಎಡಬಲಗಳಲ್ಲಿ ಲೋಳೆಪೊರೆ ಹೊದ್ದುಕೊಂಡಿರುತ್ತದೆ. ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಹೊದಿಕೆ ಉಣಿಸಿದಷ್ಟೇ ಅದರ ಊಟ. ಒಂದು ಬದಿಯ ಹೊದಿಕೆ ಕೆಟ್ಟರೆ ಇನ್ನೊಂದು ಬದಿಯದು ಅದನ್ನು ಸಾಕುತ್ತದೆ. ಎರಡೂ ಎದುರುಬದುರಾಗಿ ಕೆಟ್ಟರೆ ನಡುವಿನ ಹಲಗೆ ಸಾಯುತ್ತದೆ, ತೂತು ಬೀಳುತ್ತದೆ.

ಹೀಗಾಗಲು ಕಾರಣಗಳು ಹಲವಿದ್ದರೂ, ಡೊಂಕಾದ ನಡುಗೋಡೆಯನ್ನು ನೇರ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಪೊರೆಗಳು ಒಂದೇ ಜಾಗದಲ್ಲಿ ಹರಿಯುವುದು ಮುಖ್ಯ ಕಾರಣಗಳಲ್ಲೊಂದು ಎಂಬುದನ್ನು ಇಎನ್‌ಟಿ ವೈದ್ಯರಾದ ನಾವೇ ಮೊದಲು ಒಪ್ಪಿಕೊಳ್ಳಬೇಕು. ಸದಾ ಮೂಗಿಗೆ ಬೆರಳು ಹಾಕುವ ಚಟ, ಕೊಕೇನ್ ಸೇವನೆ, ಕ್ರೋಮ್ ಪ್ಲೇಟಿಂಗ್ ತೊಟ್ಟಿಗಳಿಂದೇಳುವ ಆಮ್ಲದ ಆವಿ, ಮಕ್ಕಳು ಮೂಗಿಗೆ ತೂರಿಸಿಕೊಳ್ಳುವ ಬಟನ್ ಬ್ಯಾಟರಿ, ಕ್ಷಯ, ಸಿಫಿಲಿಸ್, ರಕ್ತನಾಳಗಳ ಉರಿಯೂತದ ಕೆಲವು ಕಾಯಿಲೆಗಳು ಉಳಿದವು. ಕಾಯಿಲೆ ಹತೋಟಿಗೆ ಬಾರದೆ, ಚಟ ಬಿಡದೆ ತೂತು ಮುಚ್ಚಹೊರಟರೆ ಹೊಲಿಗೆ ನಿಲ್ಲುವುದಿಲ್ಲ. ಆದ್ದರಿಂದ ರಕ್ತಪರೀಕ್ಷೆ, ಅನುಮಾನವಿದ್ದಲ್ಲಿ ಬಯಾಪ್ಸಿ, ಇವೆಲ್ಲ ಮುಗಿದ ಮೇಲಷ್ಟೇ ಶಸ್ತ್ರಚಿಕಿತ್ಸೆಯ ಮಾತು.

ಎಲ್ಲ ತೂತುಗಳನ್ನೂ ಮುಚ್ಚಬೇಕೆಂದಿಲ್ಲ. ಹಿಂಭಾಗದ ತೂತು ಎಷ್ಟೋ ಸಲ ರೋಗಿಗೆ ತಿಳಿಯುವುದೇ ಇಲ್ಲ, ಏಕೆಂದರೆ ಗಾಳಿ ಅಲ್ಲಿಗೆ ತಲುಪುವಷ್ಟರಲ್ಲಿ ತೇವಗೊಂಡಿರುತ್ತದೆ. ಮುಂಭಾಗದ್ದಾದರೆ ಅಂಚು ಒಣಗಿ ಹಕ್ಕಳೆ ಕಟ್ಟುತ್ತದೆ, ಕಿತ್ತರೆ ರಕ್ತ ಬರುತ್ತದೆ. ತೂತು ಚಿಕ್ಕದಿದ್ದರೆ ಉಸಿರಾಡುವಾಗ ಸಿಳ್ಳೆಯ ಸದ್ದು ಬೇರೆ. ವಿಚಿತ್ರವೆಂದರೆ, ತೂತು ದೊಡ್ಡದಾದಾಗ ಸಿಳ್ಳೆ ತಾನಾಗಿ ನಿಲ್ಲುತ್ತದೆ. ಗುಣವಾಯಿತೆಂದು ರೋಗಿ ಸಂತೋಷಪಡುವುದೂ ಉಂಟು! ತೀರಾ ದೊಡ್ಡದಾದರೆ ಆಸರೆ ತಪ್ಪಿ ಮೂಗಿನ ಬೆನ್ನು ಕುಸಿಯಬಹುದು. ಉಪ್ಪುನೀರಿನ ತೊಳೆತ, ಮುಲಾಮು, ತೂತಿಗೆ ಸಿಕ್ಕಿಸುವ ಸಿಲಿಕೋನ್ ಗುಂಡಿ ಇವುಗಳಿಂದ ನೆಮ್ಮದಿ ಸಿಗದವರಿಗೆ ಶಸ್ತ್ರಚಿಕಿತ್ಸೆ.

ಅಂಚುಗಳನ್ನು ಎಳೆದು ಹೊಲಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಲೋಳೆಪೊರೆ ಚರ್ಮದಂತೆ ಹಿಗ್ಗುವುದಿಲ್ಲ. ಬಿಗಿಯಾಗಿ ಎಳೆದು ಹೊಲಿದರೆ ದಾರದ ಗುಂಟ ಹರಿದು ಮೊದಲಿಗಿಂತ ದೊಡ್ಡ ತೂತಾಗುತ್ತದೆ. ಆದ್ದರಿಂದ ಮೂಗಿನ ನೆಲದಿಂದ, ಹೊಳ್ಳೆಯ ಹೊರಗೋಡೆಯಿಂದ ಒಳಕ್ಕೆ ಚಾಚಿದ ಕೆಳಗಿನ ಸುರುಳಿಮೂಳೆಯ ಅಡಿಯವರೆಗೂ ಪೊರೆಯನ್ನು ಮೂಳೆಯಿಂದ ಬಿಡಿಸಿ, ರಕ್ತ ಹರಿಯುವ ಬುಡವನ್ನು ಉಳಿಸಿಕೊಂಡು, ಮೇಲಕ್ಕೆ ಸರಿಸಿ ಹೊಲಿಯುತ್ತೇವೆ. ಪೊರೆ ಸರಿಯುವುದು ಕೆಳಗಿನಿಂದ ಮೇಲಕ್ಕಾದುದರಿಂದ ತೂತಿನ ಉದ್ದಕ್ಕಿಂತ ಎತ್ತರವೇ ನಮ್ಮನ್ನು ಕಾಡುತ್ತದೆ. ಎರಡು ಸೆಂಟಿಮೀಟರ್ ದಾಟಿದ ತೂತು ನುರಿತ ಕೈಗೂ ಸವಾಲು.

ಬುಡ ಕಡಿಯದೆ ಅಂಗಾಂಶ ಸರಿಸುವ ಈ ಉಪಾಯ ನಮ್ಮ ನಾಡಿಗೆ ಹೊಸದಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಹಣೆಯ ಚರ್ಮವನ್ನು ಹೀಗೆಯೇ ತಿರುಗಿಸಿ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅದು ಹೊರಮೂಗಿನ ಕೆಲಸ, ಬೆಳಕಿನಲ್ಲಿ ಮಾಡಿದ್ದು. ನಮ್ಮದು ಹೊಳ್ಳೆಯ ಇಕ್ಕಟ್ಟಿನೊಳಗೆ ಎಂಡೋಸ್ಕೋಪ್ ಹಿಡಿದು ಮಾಡುವಂಥದ್ದು.

ಎರಡು ಪೊರೆಗಳ ನಡುವೆ ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ತೆಗೆದ ತೆಳುಪದರವನ್ನು ಇಡುತ್ತೇವೆ. ಹರಿದ ಕಿವಿತಮಟೆಗೆ ತೇಪೆ ಹಾಕಲು ಬಳಸುವುದೂ ಇದನ್ನೇ. ಹೊಲಿಗೆ ಕೊಂಚ ಬಿಟ್ಟುಕೊಂಡರೂ ಪೊರೆ ಇದರ ಮೇಲೆ ಹಬ್ಬಿ ಬೆಳೆಯುತ್ತದೆ. ಅನಂತರ ಇಬ್ಬದಿಗೂ ಸಿಲಿಕೋನ್ ಹಾಳೆಗಳನ್ನು ಹೊಲಿದು ಎರಡು-ಮೂರು ವಾರ ಬಿಡುತ್ತೇವೆ. ಆ ದಿನಗಳಲ್ಲಿ ಮೂಗು ಕಟ್ಟಿದಂತಿರುತ್ತದೆ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಮೂಗು ಸೀಟುವಂತಿಲ್ಲ, ಬೆರಳಂತೂ ಹತ್ತಿರ ಸುಳಿಯಬಾರದು.