ಬೆನ್ನ ಹಿಂದೆ ಒಂದು ಕಡಲು

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಉಡುಪಿಯ ನನ್ನ ಸ್ಟುಡಿಯೋಕ್ಕೆ ಒಂದು ಮಗು ಅಮ್ಮನ ಕೈ ಹಿಡಿದುಕೊಂಡು ಬಂತು. ಏಳು ವರ್ಷ. ಹುಟ್ಟುಹಬ್ಬದ ಫೋಟೋ ಆಗಬೇಕು. "ಎಲ್ಲಿ ನಿಂತ ಹಾಗೆ ತೆಗೆಯಬೇಕು ಮಗಾ?" ಅಂತ ಕೇಳಿದೆ. "ಕಡಲಿನ ಅಡಿಯಲ್ಲಿ ಅರಮನೆ ಉಂಟಲ್ಲ ಮಾಮ, ಅಲ್ಲಿ" ಅಂದಳು. ಅಮ್ಮ ನಕ್ಕರು. ನನಗೆ ಖುಷಿಯಾಯಿತು. ಅಂಥ ಅರಮನೆ ಕಟ್ಟುವುದೇ ನನ್ನ ಇಷ್ಟದ ಕೆಲಸ.

ಈ ಆಸೆ ಹೊಸತಲ್ಲ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. 1841ರಲ್ಲೇ ಲಂಡನ್ನಿನ ಫೋಟೋಗ್ರಾಫರ್ ಆಂಟ್ವಾನ್ ಕ್ಲಾಡೆ ಚಿತ್ರ ಬರೆದ ಪರದೆಗೆ ಪೇಟೆಂಟ್ ಪಡೆದಿದ್ದರು. ನಾನು ಕೆಲಸ ಕಲಿತ ಸ್ಟುಡಿಯೋದಲ್ಲೂ ಒಂದು ಪರದೆ ಇತ್ತು. ಮೆಟ್ಟಿಲು, ಕೊಳ, ಎರಡು ಹಂಸ. ಬರೆದವರು ಬಣ್ಣವನ್ನು ಬೇಕಂತಲೇ ಮಂಕಾಗಿ ಇಟ್ಟಿದ್ದರು, ಮುಂದೆ ನಿಂತವರ ಮುಖ ಎದ್ದು ಕಾಣಲಿ ಅಂತ. ಮೆಟ್ಟಿಲಿನ ನೆರಳು ಬಲಕ್ಕೆ ಬಿದ್ದಿತ್ತು. ಸ್ಟುಡಿಯೋದ ದೀಪ ಇದ್ದದ್ದು ಎಡಕ್ಕೆ.

ಆ ನೆರಳಿನ ಅರ್ಥ ನನಗೆ ತಡವಾಗಿ ತಿಳಿಯಿತು. ಕಂಪ್ಯೂಟರ್ ಬಂದ ಹೊಸತರಲ್ಲಿ ಒಬ್ಬ ಮದುಮಗನನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸಿದೆ. ಬೆಟ್ಟದ ಬಿಸಿಲು ಬಲದಿಂದ, ಮಧ್ಯಾಹ್ನದ್ದು. ಮುಖದ ಬೆಳಕು ಎಡದಿಂದ, ಹಳದಿ ಬಲ್ಬಿನದ್ದು. ಅವನ ಅಜ್ಜಿ ಫೋಟೋ ನೋಡಿ, "ಇವನನ್ನು ಕತ್ತರಿಸಿ ಅಂಟಿಸಿದ್ದಾ?" ಅಂತ ಕೇಳಿದರು. ಬೆಳಕಿನ ವಿಷಯ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಕಣ್ಣು ದಿನಾ ಬಿಸಿಲು ನೋಡುತ್ತದೆ, ಅಲ್ವಾ? ಅದಕ್ಕೆ ಸುಳ್ಳು ಗೊತ್ತಾಗುತ್ತದೆ.

ಹಾಗಾಗಿ ಈಗ ನಾನು ಮೊದಲು ಹುಡುಕುವುದು ಬೆಳಕನ್ನು. ಕಡಲಿನ ಅಡಿಯಲ್ಲಿ ಬೆಳಕು ಹೇಗಿರುತ್ತದೆ? ಮೇಲಿನಿಂದ ಬರುತ್ತದೆ, ಅಲೆಯ ಜೊತೆ ಕದಲುತ್ತದೆ. ನೀರು ಕೆಂಪನ್ನು ಬೇಗ ನುಂಗಿಬಿಡುತ್ತದೆ. ಆಳಕ್ಕೆ ಇಳಿದ ಹಾಗೆ ನೀಲಿ, ಹಸಿರು ಮಾತ್ರ ಉಳಿಯುತ್ತವೆ. ಮಗುವಿನ ಅಮ್ಮ ತಂದಿದ್ದದ್ದು ಕೆಂಪು ರೇಷ್ಮೆ ಲಂಗ. ಅದು ಹಾಗೇ ಹೊಳೆದರೆ ಕಡಲು ಸುಳ್ಳಾಗುತ್ತದೆ. "ಬಿಳಿ ಫ್ರಾಕ್ ಉಂಟಾ ಅಮ್ಮ?" ಅಂತ ಕೇಳಿ ಅದನ್ನು ಹಾಕಿಸಿದೆ.

ಅರಮನೆಯ ಕಂಬಗಳು ನನ್ನ ಬಳಿ ಮೊದಲೇ ಇದ್ದವು. ಮಲ್ಪೆಯ ಆಚೆ ಸೇಂಟ್ ಮೇರಿಸ್ ದ್ವೀಪ ನೀವು ನೋಡಿರಬಹುದು. ಎಂಟು ಕೋಟಿಗೂ ಜಾಸ್ತಿ ವರ್ಷಗಳ ಹಿಂದೆ ಹರಿದ ಲಾವಾ ಆರಿ, ಕುಗ್ಗಿ, ಬಿರುಕು ಬಿಟ್ಟು ಕಂಬ ಕಂಬವಾಗಿ ನಿಂತ ಕಲ್ಲುಗಳು ಅವು. ಮಳೆಗಾಲದಲ್ಲಿ ಅಲ್ಲಿಗೆ ಬೋಟು ಇರುವುದಿಲ್ಲ. ಜನವರಿಯಲ್ಲೇ ಹೋಗಿ ತೆಗೆದಿಟ್ಟುಕೊಂಡಿದ್ದೆ. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿದರೆ ಮೊಣಕಾಲೆತ್ತರದ ಕಲ್ಲೂ ಆಕಾಶಕ್ಕೆ ಏರುತ್ತದೆ. ಆದರೆ ಮಗುವನ್ನೂ ಅಷ್ಟೇ ಕೆಳಗಿನಿಂದ ತೆಗೆಯಬೇಕು. ಇಲ್ಲದಿದ್ದರೆ ಅವಳು ಒಂದು ನೆಲದಲ್ಲಿ, ಕಂಬ ಇನ್ನೊಂದು ನೆಲದಲ್ಲಿ ನಿಂತ ಹಾಗಿರುತ್ತದೆ. ಅವತ್ತು ನಾನು ಹೊಟ್ಟೆ ಅಡಿಯಾಗಿ ಮಲಗಿದ್ದೆ.

ದೂರದ ಕಂಬಗಳನ್ನು ಮಸುಕು ಮಾಡಿದೆ. ಕಾರ್ಕಳದ ಕಡೆಯಿಂದ ಘಟ್ಟ ನೋಡಿ. ಹತ್ತಿರದ ಗುಡ್ಡ ಹಸಿರು, ಆಚಿನದ್ದು ನೀಲಿ, ಅದರಾಚಿನದ್ದು ಹೊಗೆ. ನೀರಿನಲ್ಲಿ ಈ ಮಸುಕು ಇನ್ನೂ ಬೇಗ ಕವಿಯುತ್ತದೆ. ಹತ್ತು ಕಂಬ ಸ್ಪಷ್ಟವಾಗಿ ಕಂಡರೆ ಅದು ಗೋಡೆ. ಎರಡು ಸ್ಪಷ್ಟ, ಎಂಟು ಮಸುಕು ಆದರೆ ಅದು ಅರಮನೆ.

ಮಗುವನ್ನು ನಿಲ್ಲಿಸಿದ್ದು ಬೂದು ಬಟ್ಟೆಯ ಮುಂದೆ, ಅದರಿಂದ ಆರು ಅಡಿ ದೂರ. ಕಂಪ್ಯೂಟರಿನಲ್ಲಿ ಮಗುವನ್ನು ಹಿನ್ನೆಲೆಯಿಂದ ಬಿಡಿಸಿ ತೆಗೆಯಲು ಹಲವರು ಹಸಿರು ಬಟ್ಟೆ ಕಟ್ಟುತ್ತಾರೆ, ನನಗೆ ಅದು ಬೇಡ. ಅದರ ಬಣ್ಣ ಕೂದಲಿನ ಅಂಚಿಗೆ ಹತ್ತಿದರೆ ತೆಗೆಯುವುದು ದೊಡ್ಡ ಕಷ್ಟ. ಕೂದಲು ತೇಲುವುದಕ್ಕೆ ಕೆಳಗಿನಿಂದ ಸಣ್ಣ ಫ್ಯಾನ್ ಇಟ್ಟೆ.

ಎಲ್ಲ ಆಯಿತು. ಮಗು ಮಾತ್ರ ಪಾಸ್‌ಪೋರ್ಟ್ ಫೋಟೋಕ್ಕೆ ನಿಂತ ಹಾಗೆ ನಿಂತಿತ್ತು. ಆಗ ಆಟ ನೆನಪಾಯಿತು. ನಮ್ಮ ಯಕ್ಷಗಾನದ ರಂಗಸ್ಥಳದಲ್ಲಿ ಕಾಡಿನ ಪರದೆ ಇರುವುದಿಲ್ಲ. ವೇಷಧಾರಿ ಕಣ್ಣೆತ್ತಿ ಮರದ ತುದಿ ನೋಡುತ್ತಾನೆ, ನಮಗೂ ಮರ ಕಾಣುತ್ತದೆ. ನಾನು ಮೆಲ್ಲ ಹೇಳಿದೆ, "ನಿನ್ನ ತಲೆಯ ಮೇಲೆ ಒಂದು ದೊಡ್ಡ ಮೀನು ಹೋಗ್ತಾ ಉಂಟು. ಹೆದರಿಸಬೇಡ ಅದನ್ನು." ಅವಳ ಕಣ್ಣು ಎಡದಿಂದ ಬಲಕ್ಕೆ ನಿಧಾನ ಹೋಯಿತು. ಬಾಗಿಲ ಬಳಿ ಇದ್ದ ಅಮ್ಮನೂ ಮೇಲೆ ನೋಡಿದರು. ಆ ಒಂದು ಫೋಟೋ ಸಾಕಾಯಿತು.

ಈಗ ಮೊಬೈಲಿಗೆ ಒಂದು ವಾಕ್ಯ ಬರೆದರೆ ಎಂಥ ಅರಮನೆಯೂ ಬರುತ್ತದೆ. ನಾನೂ ಬಳಸುತ್ತೇನೆ. ಆದರೆ ಅದನ್ನು ಮೊದಲೇ ಮಾಡಿಸಿಕೊಂಡು, ಬೆಳಕು ಎಲ್ಲಿಂದ ಬಂದಿದೆ ಅಂತ ನೋಡಿ, ಆಮೇಲೆ ದೀಪ ಹಚ್ಚುತ್ತೇನೆ.

ಅಲೆಯ ಬೆಳಕು ಮಾಡಿದ್ದು ಹೇಗೆ ಅಂತ ಹೇಳಲಿಲ್ಲ. ಇವತ್ತು ರಾತ್ರಿ ನೀವೇ ಮಾಡಿ ನೋಡಿ. ಒಂದು ಹರಿವಾಣದಲ್ಲಿ ಎರಡು ಬೆರಳು ನೀರು ಹಾಕಿ. ತಳದಲ್ಲಿ ಕನ್ನಡಿಯ ತುಂಡು ಇಡಿ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಕನ್ನಡಿಗೆ ಬಿಡಿ. ಎದುರಿನ ಗೋಡೆಗೆ ಮಕ್ಕಳನ್ನು ಒರಗಿಸಿ ನಿಲ್ಲಿಸಿ, ಕಣ್ಣು ಮುಚ್ಚಿಕೊಳ್ಳಲಿ. ಆಮೇಲೆ ನೀರನ್ನು ಒಂದು ಬೆರಳಿನಿಂದ ಮೆಲ್ಲ ಮುಟ್ಟಿ.